ಗದ್ದುಗೆಯ ದಾರಿಯ ಎರಡು ಗಿಡಗಳು

ನಮ್ಮ ಮಠಕ್ಕೆ ಬಂದುಹೋಗುವ ಸದ್ಭಕ್ತರಲ್ಲಿ ಅನೇಕರು ಒಂದು ಪ್ರಶ್ನೆಯನ್ನು ಕೇಳುವುದುಂಟು. ಮಹಾದ್ವಾರದಿಂದ ಕರ್ತೃಗದ್ದುಗೆಗೆ ಹೋಗುವ ಹಾದಿಯ ಎಡಬಲಗಳಲ್ಲಿ ಎರಡು ಗಿಡಗಳಿವೆ. ಎಡಗಡೆಯದು ಸೊಂಟದೆತ್ತರದ ದುಂಡನೆಯ ಪೊದೆ. ಅದರ ಒಂದೊಂದು ಎಲೆಯ ನಡುವೆ ಬೂದುಹಸಿರು, ಅಂಚಿಗೆ ಕೆನೆಬಿಳುಪು. ಬಲಗಡೆಯದು ಆಳೆತ್ತರವನ್ನು ಮೀರಿ ಬೆಳೆದ ಅಚ್ಚಹಸಿರಿನ ಗಿಡ. “ಪೂಜ್ಯರೆ, ಹಾದಿಯ ಎರಡೂ ಬದಿಗೆ ಒಂದೇ ಬಗೆಯ ಗಿಡಗಳನ್ನು ಇಡುವುದು ಪದ್ಧತಿಯಲ್ಲವೆ? ಇಲ್ಲೇಕೆ ಹೀಗೆ?” ಎಂದು ಕೇಳಿದವರಿಗೆ ನಾವು ಆಯಾ ಹೊತ್ತಿಗೆ ತೋಚಿದ ಉತ್ತರವನ್ನು ಕೊಟ್ಟಿದ್ದೇವೆ. ಒಬ್ಬರಿಗೆ ವೈವಿಧ್ಯವಿರಲೆಂದು ಹಾಗೆ ಮಾಡಿದೆವೆಂದೆವು. ಇನ್ನೊಬ್ಬರಿಗೆ ಅದು ನಿಸರ್ಗದ ಲೀಲೆಯೆಂದೆವು. ಎರಡೂ ನಿಜವಲ್ಲ. ಅವೆರಡೂ ಒಂದೇ ದಿನ, ಒಂದೇ ಕಡೆಯಿಂದ ತಂದ, ಒಂದೇ ಬಗೆಯ ಸಸಿಗಳು. ಅವು ಬೇರೆಬೇರೆಯಾಗಿ ಬೆಳೆದುದಕ್ಕೆ ನಾವೇ ಕಾರಣರು. ಆ ಸಂಗತಿಯನ್ನು ಈ ಪತ್ರಿಕೆಯ ಮೂಲಕ, ವಿಶೇಷವಾಗಿ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿಹೋದ ಹಳೆಯ ವಿದ್ಯಾರ್ಥಿಗಳ ಮುಂದೆ, ಹೇಳಿಬಿಡುವುದು ಲೇಸೆಂದು ಬಗೆದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಗಿಡದ ಹೆಸರು ನಂದಿಬಟ್ಟಲು. ನಂದಬಟ್ಟಲೆಂದೂ ಕೆಲವರು ಕರೆಯುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ನಂದ್ಯಾವರ್ತವೆಂದು ಹೆಸರು. ಇದರ ಐದು ಬಿಳಿಯ ಎಸಳುಗಳು ನೆಟ್ಟಗೆ ಹರಡಿಕೊಳ್ಳದೆ, ಗಾಳಿಗಿರಕಿಯ ರೆಕ್ಕೆಗಳಂತೆ ಒಂದೇ ಕಡೆಗೆ ತಿರುವಿಕೊಂಡಿರುತ್ತವೆ. ಹೂವನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ ಹೆಸರಿನಲ್ಲಿರುವ ‘ಆವರ್ತ’ ಶಬ್ದದ ಔಚಿತ್ಯ ತಿಳಿಯುತ್ತದೆ. ಆದರೆ ನಮ್ಮ ಜನರ ಕಿವಿಗೆ ಮೊದಲು ಕೇಳಿಸುವುದು ‘ನಂದಿ’ ಎಂಬ ಮಾತು. ಶಿವನ ಮುಂದೆ ನಂದಿ ಹಿಡಿದ ಬಟ್ಟಲು ಎಂದು ಅರ್ಥಮಾಡಿಕೊಂಡು ಅವರು ಇದನ್ನು ಭಕ್ತಿಯಿಂದ ಹಿತ್ತಲಲ್ಲಿ ನೆಡುತ್ತ ಬಂದಿದ್ದಾರೆ. ವ್ಯುತ್ಪತ್ತಿ ಹೇಗೇ ಇರಲಿ, ಭಾವ ಸುಂದರವಾಗಿದೆ.

ಸಸ್ಯಶಾಸ್ತ್ರಜ್ಞರು ಇದಕ್ಕೆ ಇಟ್ಟ ಹೆಸರು ಟ್ಯಾಬರ್ನೆಮೊಂಟಾನ ಡೈವಾರಿಕೇಟ ಎಂದು. 16ನೆಯ ಶತಮಾನದ ಜರ್ಮನ್ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ, 1590ರಲ್ಲಿ ತೀರಿಕೊಂಡ ಟ್ಯಾಬರ್ನೆಮೊಂಟಾನಸ್ ಎಂಬಾತನ ನೆನಪು ಅದರ ಮೊದಲ ಭಾಗದಲ್ಲಿದೆ. ಅಗಲವಾಗಿ ಕವಲೊಡೆಯುವುದು ಎಂಬ ಅರ್ಥ ಎರಡನೆಯ ಭಾಗದಲ್ಲಿದೆ. ಕಣಗಿಲೆ, ದೇವಕಣಗಿಲೆ, ಸದಾಪುಷ್ಪಗಳು ಇದರ ಬಳಗದವು. ಎಲೆಯನ್ನು ಚಿವುಟಿದರೆ ಹಾಲು ಒಸರುವುದು ಈ ಬಳಗದ ಲಕ್ಷಣ. ಆ ಹಾಲು ಕಣ್ಣಿಗೆ ತಾಗಬಾರದು. ಎಲೆಯನ್ನು ದನಕರುಗಳಿಗೆ ಹಾಕಬಾರದು.

ನಾವು ಈ ಹೂವನ್ನು ಮೊದಲು ಹತ್ತಿರದಿಂದ ಅರಿತುದು ಶಿವಯೋಗಮಂದಿರದಲ್ಲಿ ಸಾಧಕರಾಗಿದ್ದಾಗ. 1909ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಆ ಪುಣ್ಯಸ್ಥಾನದಲ್ಲಿ, ಬೆಳಗಿನ ಜಾವ ಮಿಂದು ಪತ್ರಿಪುಷ್ಪಗಳನ್ನು ಎತ್ತಿತರುವುದು ನಮ್ಮ ಪಾಲಿನ ಕಾಯಕವಾಗಿತ್ತು. ಮಬ್ಬುಗತ್ತಲೆಯಲ್ಲಿ ಬಿಳಿಯ ಹೂವಷ್ಟೇ ಕಾಣುತ್ತದೆ; ರಾತ್ರಿಯ ಪರಿಮಳ ಆಗಿನ್ನೂ ಅದರಲ್ಲಿ ಉಳಿದಿರುತ್ತದೆ. ಟೊಂಗೆಯನ್ನು ಜಗ್ಗಬಾರದು, ಮೊಗ್ಗನ್ನು ಮುಟ್ಟಬಾರದು, ಗಿಡವನ್ನು ಬರಿದುಮಾಡಬಾರದು ಎಂದು ಹಿರಿಯರು ಹೇಳಿಕೊಟ್ಟುದನ್ನು ಇಂದಿಗೂ ನಮ್ಮ ಮಠದ ಮಕ್ಕಳಿಗೆ ಹೇಳುತ್ತೇವೆ.

ನಮ್ಮ ಮಠದ ಹಿತ್ತಲಲ್ಲಿ ಲಿಂಗೈಕ್ಯ ಹಿರಿಯ ಶ್ರೀಗಳವರು ನೆಡಿಸಿದ ಸಾದಾ ನಂದಿಬಟ್ಟಲಿನ ಸಾಲೇ ಇದೆ. ಪೂಜೆಗೆ ಅದು ಸಾಕಾಗಿತ್ತು. ಸಾಲದ ದಿನ ಊರಿನ ಹೂಗಾರರು ತಂದುಕೊಡುತ್ತಿದ್ದರು. ಆದರೂ 2008ರಲ್ಲಿ ಧಾರವಾಡಕ್ಕೆ ಹೋಗಿ ಮರಳುವಾಗ ಹಾದಿಬದಿಯ ಸಸ್ಯಪಾಲನಾಲಯವೊಂದರಲ್ಲಿ ಬಣ್ಣದೆಲೆಯ ನಂದಿಬಟ್ಟಲನ್ನು ಕಂಡು ನಮ್ಮ ಮನಸ್ಸು ನಿಂತಿತು. ಹೂವಿಲ್ಲದಿದ್ದರೂ ಹೂಬಿಟ್ಟಂತೆ ತೋರುವ ಗಿಡ ಅದು. ಗದ್ದುಗೆಯ ಹಾದಿಗೆ ಶೋಭೆಯಾದೀತೆಂದು ಎರಡು ಸಸಿಗಳನ್ನು ತಂದೆವು. ಸನ್ಯಾಸಿಗೆ ಎಲೆಯ ಬಣ್ಣದ ಮೇಲೆ ಇಷ್ಟು ಮೋಹವೇಕೆಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಶಿವನು ಕೊಟ್ಟ ಕಣ್ಣು ಚೆಲುವನ್ನು ನೋಡುತ್ತದೆ, ಅಷ್ಟೆ.

ನಮ್ಮದು ಎರೆಭೂಮಿ, ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲಿಸುತ್ತದೆ. ಈ ಗಿಡಕ್ಕೆ ಬೇರಿನಲ್ಲಿ ನೀರು ನಿಂತರೆ ಆಗದು. ಆದುದರಿಂದ ಎರಡಡಿ ಅಗಲ, ಎರಡಡಿ ಆಳದ ಕುಣಿ ತೋಡಿ, ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಗಳನ್ನು ಬೆರೆಸಿ ತುಂಬಿ, ನೆಲಕ್ಕಿಂತ ಗೇಣುದ್ದ ಎತ್ತರಿಸಿ ನೆಟ್ಟೆವು. ಬೆಳಗಿನ ಬಿಸಿಲು ಬೀಳಬೇಕು; ಬೇಸಗೆಯ ನಡುಹಗಲಿನ ಉರಿಬಿಸಿಲಿಗೆ ತುಸು ಮರೆಯಿರಬೇಕು, ಇಲ್ಲವಾದರೆ ಎಲೆಯ ಬಿಳಿಯ ಅಂಚು ಸುಟ್ಟು ಕಂದಾಗುತ್ತದೆ. ಪೂರಾ ನೆರಳಾದರೂ ಸಲ್ಲದು, ಹೂವು ಕಡಿಮೆಯಾಗುತ್ತದೆ. ಮೇಲ್ಮಣ್ಣು ಒಣಗಿದಾಗ ನೀರು, ವರ್ಷಕ್ಕೆ ಎರಡು ಸಲ ಗೊಬ್ಬರ, ಹೂವಿನ ಸುಗ್ಗಿ ಮುಗಿದ ಮೇಲೆ ಹಗುರವಾಗಿ ಸವರುವುದು, ಇಷ್ಟೇ ಆರೈಕೆ. ಹಿಟ್ಟುತಿಗಣೆ ಬಿದ್ದರೆ ಬೇವಿನೆಣ್ಣೆಗೆ ತುಸು ಸಾಬೂನು ಬೆರೆಸಿ ನೀರಿನಲ್ಲಿ ಕದಡಿ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಮಳೆಗಾಲದಲ್ಲಿ ಬೆರಳುಗಾತ್ರದ ಹಸಿರು ಹುಳುವೊಂದು ಎಲೆಗಳನ್ನು ಮೇಯಲು ಬರುತ್ತದೆ. ಬೆನ್ನಿನ ಮುಂಭಾಗದಲ್ಲಿ ನೀಲಿ ಕಣ್ಣುಗಳಂತಹ ಎರಡು ಬೊಟ್ಟು, ಹಿಂದೆ ಚಿಕ್ಕ ಕೊಂಬು. ನೋಡಿದ ಮಕ್ಕಳು ಚೀರಿಕೊಳ್ಳುವಂತಿರುತ್ತದೆ. ಅದು ಕಣಗಿಲೆಯನ್ನೂ ತಿನ್ನುವ ಒಂದು ದೊಡ್ಡ ಪತಂಗದ ಮರಿ. ಎತ್ತಿ ದೂರದ ಕಣಗಿಲೆ ಬೇಲಿಗೆ ಬಿಟ್ಟುಬರುವುದು ನಮ್ಮಲ್ಲಿಯ ರೂಢಿ.

ಈ ಎಲ್ಲ ಆರೈಕೆಯನ್ನು ಆಗ ಮಾಡುತ್ತಿದ್ದವನು ಪ್ರಸಾದನಿಲಯದ ಒಬ್ಬ ವಿದ್ಯಾರ್ಥಿ. ಪ್ರಸಾದನಿಲಯದಲ್ಲಿ ಪ್ರತಿಯೊಬ್ಬ ಹುಡುಗನಿಗೂ ಓದಿನ ಜೊತೆಗೆ ಒಂದು ಕಾಯಕವಿರುವುದು ಹಳೆಯ ಪದ್ಧತಿ. ತೋಟದ ಕಾಯಕವನ್ನು ಅವನು ತಾನಾಗಿ ಕೇಳಿ ಪಡೆದಿದ್ದ. ಮಾತು ಕಡಿಮೆ, ಓದಿನಲ್ಲಿ ಸಾಧಾರಣ. ಆದರೆ ಶಾಲೆಗೆ ಹೊರಡುವ ಮೊದಲೂ ಬಂದ ಮೇಲೂ ಆ ಎರಡು ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಲೆಯೆಲೆಯನ್ನೂ ನೋಡುತ್ತಿದ್ದುದನ್ನು ನಾವು ಕಂಡಿದ್ದೆವು.

2010ರ ಶ್ರಾವಣಮಾಸ. ಅನುಷ್ಠಾನ ಮುಗಿಸಿ ಗದ್ದುಗೆಯ ಕಡೆಗೆ ಬರುವಾಗ ಎಡಗಡೆಯ ಗಿಡದ ಬುಡದಲ್ಲಿ ನಾಲ್ಕೈದು ಕೊಬ್ಬಿದ ಟೊಂಗೆಗಳು ಕತ್ತರಿಸಿ ಬಿದ್ದಿದ್ದವು. ಆ ಗಿಡದಲ್ಲಿಯೇ ಅತ್ಯಂತ ಪುಷ್ಟವಾದ, ಎಲ್ಲಕ್ಕಿಂತ ಎತ್ತರಕ್ಕೆ ಚಿಮ್ಮಿದ್ದ, ಅಚ್ಚಹಸಿರು ಎಲೆಗಳ ಟೊಂಗೆಗಳವು. ಅವುಗಳನ್ನು ನೋಡಿ ನಾವು ಹಿಂದಿನ ವಾರವಷ್ಟೇ, ಗಿಡ ಈಗ ಚೇತರಿಸಿತೆಂದು ಸಂತೋಷಪಟ್ಟಿದ್ದೆವು. ಹುಡುಗ ಕತ್ತರಿಯನ್ನು ಹಿಡಿದು ಬಲಗಡೆಯ ಗಿಡಕ್ಕೆ ಕೈಹಚ್ಚುವುದರಲ್ಲಿದ್ದ. ಶ್ರಾವಣದ ಸೋಮವಾರವಾದುದರಿಂದ ಭಕ್ತರು ನೆರೆದಿದ್ದರು.

“ಏನು ಮಾಡಿದೆಯೊ ಇದು? ಬೆಳೆಯುವ ಟೊಂಗೆಗಳನ್ನೇ ಕಡಿದೆಯಲ್ಲ!” ಎಂದೆವು.

“ಅಜ್ಜಾರ, ಹಸರ ಟೊಂಗಿ ಬಿಟ್ಟರ ಬಣ್ಣದ ಟೊಂಗಿ ಉಳಿಯಂಗಿಲ್ಲರಿ. ನಮ್ಮವ್ವ...”

ಆ ಮಾತನ್ನು ಮುಗಿಸಲು ನಾವು ಬಿಡಲಿಲ್ಲ. ಅವನ ಕೈಯಿಂದ ಕತ್ತರಿಯನ್ನು ತೆಗೆದುಕೊಂಡೆವು. ಗಿಡಕ್ಕೂ ಜೀವವಿದೆ, ಹಿರಿಯರನ್ನು ಕೇಳದೆ ಕೈಮಾಡುವುದು ಅವಿನಯ, ಎಂದು ನೆರೆದವರ ಮುಂದೆ ಒಂದು ಸಣ್ಣ ಪ್ರವಚನವನ್ನೇ ಮಾಡಿದೆವು. ಅಂದಿನಿಂದ ಅವನ ತೋಟದ ಕಾಯಕ ಹೋಗಿ ಅಡುಗೆಮನೆಯ ಕಾಯಕ ಬಂದಿತು. ಆ ಎರಡು ಗಿಡಗಳಿಗೆ ನಮ್ಮ ಅಪ್ಪಣೆಯಿಲ್ಲದೆ ಯಾರೂ ಕತ್ತರಿ ಹಚ್ಚಕೂಡದೆಂದು ಬರೆಯಿಸಿ ಗೋಡೆಗೆ ಅಂಟಿಸಿದೆವು. ಹುಡುಗ ಮರುಮಾತಾಡದೆ ಪಾದಕ್ಕೆ ನಮಸ್ಕರಿಸಿ ಹೋದ. ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಮಠವನ್ನು ಬಿಟ್ಟ. ಅಲ್ಲಿಯವರೆಗೂ ತೋಟದ ಕಡೆಗೆ ಅವನು ಬಂದುದನ್ನು ನಾವು ನೋಡಲಿಲ್ಲ.

ಮುಂದೆ ನಡೆದುದು ತೀರ ನಿಧಾನವಾಗಿ ನಡೆಯಿತು. ಅವನು ಟೊಂಗೆ ಕಡಿದಿದ್ದ ಎಡಗಡೆಯ ಗಿಡ ಹಳೆಯ ಗತಿಯಲ್ಲಿಯೇ ಬೆಳೆಯುತ್ತಿತ್ತು. ಅವನ ಕತ್ತರಿಯಿಂದ ನಾವು ಉಳಿಸಿದ ಬಲಗಡೆಯ ಗಿಡ ಭರದಿಂದ ಬೆಳೆಯಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದು ಆಳೆತ್ತರವಾಯಿತು. ಆದರೆ ಅದರ ಬಣ್ಣದ ಟೊಂಗೆಗಳು ಒಂದೊಂದಾಗಿ ಹಸಿರಿನ ನೆರಳಿಗೆ ಸಿಕ್ಕಿ, ಸೊರಗಿ, ಒಣಗಿದವು. 2013ರ ಹೊತ್ತಿಗೆ ಅದರಲ್ಲಿ ಬಿಳಿಯ ಅಂಚಿನ ಎಲೆ ಒಂದೂ ಉಳಿಯಲಿಲ್ಲ. ಸಸಿ ಮಾರಿದವರು ಮೋಸಮಾಡಿ ಒಂದು ಸಾದಾ ಗಿಡವನ್ನು ಕೊಟ್ಟರೆಂದು ನಾವು ಸಮಾಧಾನ ಮಾಡಿಕೊಂಡೆವು. ತನ್ನ ತಪ್ಪನ್ನು ಕಾಣಲು ಮನಸ್ಸಿಲ್ಲದವನಿಗೆ ಪರರ ತಪ್ಪು ಎಷ್ಟು ಬೇಗ ಕಾಣುತ್ತದೆ!

2016ರಲ್ಲಿ ಕೃಷಿವಿಜ್ಞಾನದ ಪ್ರಾಧ್ಯಾಪಕರೊಬ್ಬರು ದರ್ಶನಕ್ಕೆ ಬಂದವರು ಎರಡೂ ಗಿಡಗಳನ್ನು ನೋಡಿ ಮುಗುಳ್ನಕ್ಕು, “ಬಲಗಡೆಯದರ ಹಸಿರು ಕುಡಿಗಳನ್ನು ಯಾರೂ ತೆಗೆಯಲಿಲ್ಲವೆಂದು ತೋರುತ್ತದೆ” ಎಂದರು. ಅವರು ತಿಳಿಸಿದುದು ಇಷ್ಟು. ಎಲೆ ಅನ್ನವನ್ನು ಅಣಿಮಾಡುವುದು ಅದರಲ್ಲಿಯ ಪತ್ರಹರಿತ್ತಿನಿಂದ. ಬಣ್ಣದೆಲೆಯ ಗಿಡದ ಬೆಳೆಯುವ ತುದಿಯಲ್ಲಿ ಎರಡು ಬಗೆಯ ಜೀವಕೋಶಗಳು ಪದರಪದರವಾಗಿ ಸೇರಿಕೊಂಡಿರುತ್ತವೆ. ಒಂದು ಬಗೆಯವು ಪತ್ರಹರಿತ್ತು ಉಳ್ಳವು, ಇನ್ನೊಂದು ಬಗೆಯವು ಇಲ್ಲದವು. ಎಲೆಯ ಬಿಳಿಯ ಅಂಚು ತಾನು ದುಡಿಯದೆ ನಡುವಣ ಹಸಿರಿನ ದುಡಿಮೆಯಲ್ಲಿ ಬಾಳುತ್ತದೆ. ಆದುದರಿಂದಲೇ ಅಂತಹ ಗಿಡದ ಬೆಳವಣಿಗೆ ನಿಧಾನ. ಒಮ್ಮೊಮ್ಮೆ ಪದರಗಳ ಈ ಜೋಡಣೆ ತಪ್ಪಿ, ಹಸಿರು ಕೋಶಗಳಷ್ಟರಿಂದಲೇ ಒಂದು ಕುಡಿ ಹೊರಡುತ್ತದೆ. ಅದಕ್ಕೆ ಹೊರೆಯಿಲ್ಲ, ಪೂರ್ತಿ ಎಲೆ ದುಡಿಯುತ್ತದೆ. ಅದು ಬಣ್ಣದ ಟೊಂಗೆಗಳಿಗಿಂತ ಬಹುಬೇಗ ಬೆಳೆದು, ಬಿಸಿಲನ್ನೂ ನೀರನ್ನೂ ತನ್ನೆಡೆಗೆ ಸೆಳೆದುಕೊಂಡು, ಅವುಗಳನ್ನು ಮುಚ್ಚಿಬಿಡುತ್ತದೆ. ಬಣ್ಣ ಉಳಿಯಬೇಕಾದರೆ ಹಸಿರು ಕುಡಿಯನ್ನು ಕಂಡೊಡನೆ, ತುದಿಯನ್ನಲ್ಲ, ಅದು ಹೊರಟ ಬುಡದಿಂದಲೇ ತೆಗೆಯಬೇಕು. ಹಾಗೆಯೇ ಪೂರಾ ಬಿಳಿಯ ಎಲೆಗಳ ಕುಡಿಯೂ ಒಮ್ಮೊಮ್ಮೆ ಬರುವುದುಂಟು. ತನ್ನ ಅನ್ನವನ್ನು ತಾನು ಮಾಡಿಕೊಳ್ಳಲಾರದ ಅದನ್ನು ಬೇರ್ಪಡಿಸಿ ನೆಟ್ಟರೆ ಬದುಕದು. ಬೀಜವನ್ನು ನಂಬಿದರೆ ಈ ಬಣ್ಣ ಬಾರದು. ಬಣ್ಣದ ಟೊಂಗೆಯ ತುಂಡನ್ನೇ ಊರಬೇಕು.

ಹತ್ತನೆಯ ತರಗತಿಯ ಹುಡುಗ ಅರ್ಧವಾಕ್ಯದಲ್ಲಿ ಹೇಳಿದುದು ಇದನ್ನೇ. ಅವನ ಪ್ರವೇಶಪತ್ರವನ್ನು ಹುಡುಕಿಸಿ ನೋಡಿದೆವು. ತಂದೆಯಿಲ್ಲದ ಹುಡುಗ, ತಾಯಿಯ ಉದ್ಯೋಗವೆಂಬಲ್ಲಿ ಸಸ್ಯಪಾಲನಾಲಯದಲ್ಲಿ ಕೂಲಿಯೆಂದು ಬರೆದಿತ್ತು. ‘ನಮ್ಮವ್ವ’ ಎಂದು ಅವನು ತೊಡಗಿದ ಮಾತಿನ ಉಳಿದ ಭಾಗ ನಮಗೆ ದೊರೆತುದು ಆ ಹಳೆಯ ಕಾಗದದಲ್ಲಿ.

ನಾವು ಚಿಕ್ಕಂದಿನಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವರು. ಮುಂದೆ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದವರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನವೆಂದೂ, ಸಾಧ್ಯವಿಲ್ಲದ ಕಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತು ಸವ್ಯಭಿಚಾರವೆಂಬ ಹೇತ್ವಾಭಾಸವೆಂದೂ ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೇವೆ. ಟೊಂಗೆ ಪುಷ್ಟವಾಗಿದೆ, ಆದುದರಿಂದ ಗಿಡಕ್ಕೆ ಒಳ್ಳೆಯದಾಗುತ್ತಿದೆ ಎಂದು ನಾವು ಮಾಡಿದ ಅನುಮಾನ ಶುದ್ಧ ಸವ್ಯಭಿಚಾರ. ಹುಡುಗನಲ್ಲಿದ್ದುದು ಪ್ರತ್ಯಕ್ಷ. ಎರಡು ವರ್ಷ ದಿನಕ್ಕೆರಡು ಸಲ ಕುಳಿತು ನೋಡಿದ ಪ್ರತ್ಯಕ್ಷ, ಅದರ ಮೇಲೆ ತಾಯಿಯ ಮಾತಿನ ಪ್ರಮಾಣ. ಯಾರ ವಾಕ್ಯ ಪ್ರಮಾಣವೆಂಬುದಕ್ಕೂ ಅದೇ ಗ್ರಂಥದಲ್ಲಿ ಉತ್ತರವಿದೆ. ಇದ್ದುದನ್ನು ಇದ್ದಂತೆ ಹೇಳುವವನು ಆಪ್ತ. ಅವನಿಗೆ ಇಷ್ಟು ವಯಸ್ಸಾಗಿರಬೇಕೆಂದಾಗಲಿ, ಪೀಠದ ಮೇಲೆ ಕುಳಿತಿರಬೇಕೆಂದಾಗಲಿ ಆ ಲಕ್ಷಣದಲ್ಲಿ ಇಲ್ಲ. ಅಂದು ಗದ್ದುಗೆಯ ಹಾದಿಯಲ್ಲಿ ಆಪ್ತನಾಗಿದ್ದವನು ಆ ಹುಡುಗ. ಕಾಯಕದಿಂದ ಬರುವ ಅರಿವನ್ನು ಕುರಿತು ಶರಣರ ಹೆಸರಿನಲ್ಲಿ ವೇದಿಕೆಯಿಂದ ವೇದಿಕೆಗೆ ಹೋಗಿ ಮಾತಾಡುವ ನಾವು, ಆ ಅರಿವು ಮಂಡಿಯೂರಿ ನಮ್ಮೆದುರಿಗೆ ಕುಳಿತಿದ್ದಾಗ ಅದರ ಕೈಯಿಂದ ಕತ್ತರಿಯನ್ನು ಕಸಿದುಕೊಂಡೆವು.

ಈ ಗಿಡದ ಕಥೆಯನ್ನು ನಮ್ಮ ಆಪ್ತರಾದ ಒಬ್ಬಿಬ್ಬರಿಗೆ ಹೇಳಿದಾಗ ಅವರು ಅದರಿಂದ ಬೇರೆಯೇ ಒಂದು ನೀತಿಯನ್ನು ತೆಗೆದರು. ಮನುಷ್ಯನಲ್ಲಿಯೂ ದುರ್ಗುಣಗಳು ಹೀಗೆಯೇ ಕೊಬ್ಬುತ್ತವೆ, ಗುರುವಾದವನು ಅವುಗಳನ್ನು ಬುಡಸಹಿತ ಕಡಿಯಬೇಕೆಂದು. ಕೇಳಲು ಇಂಪಾಗಿದ್ದರೂ ಈ ಉಪಮೆಯನ್ನು ನಾವು ಒಪ್ಪಲಾರೆವು. ಹಸಿರು ಕುಡಿ ದುಷ್ಟವೇನೂ ಅಲ್ಲ. ತನ್ನ ಅನ್ನವನ್ನು ತಾನು ದುಡಿದು ಉಣ್ಣುವ ನಂದಿಬಟ್ಟಲಿನ ಸಹಜ ಸ್ಥಿತಿ ಅದು. ನಮ್ಮ ಕಣ್ಣಿಗೆ ಬಣ್ಣ ಬೇಕಾದುದರಿಂದ ನಾವು ಅದನ್ನು ಕಡಿಯುತ್ತೇವೆ. ತೋಟದಲ್ಲಿ ಅದು ಸಲ್ಲುತ್ತದೆ. ಮಕ್ಕಳ ವಿಷಯದಲ್ಲಿ ಸಲ್ಲದು. ಈ ಕಾರಣದಿಂದಲೇ ಬಲಗಡೆಯ ಗಿಡವನ್ನು ಕಿತ್ತು ಬಣ್ಣದ ಇನ್ನೊಂದನ್ನು ನೆಡುವ ಸಲಹೆಯನ್ನು ನಾವು ಒಪ್ಪಲಿಲ್ಲ. ಎರಡೂ ಗಿಡಗಳ ಹೂವು ಒಂದೇ ಬಿಳುಪು, ಒಂದೇ ಪರಿಮಳ. ಹರಿವಾಣದಲ್ಲಿ ಬೆರೆತ ಮೇಲೆ ಯಾವುದು ಯಾವ ಗಿಡದ್ದೆಂದು ಹೇಳುವುದು ನಮ್ಮಿಂದಾಗುವುದಿಲ್ಲ.

ತಪ್ಪು ತಿಳಿದ ಮೇಲೆಯೂ ನಾವು ವರ್ಷಗಟ್ಟಲೆ ಸುಮ್ಮನಿದ್ದೆವು. ಗೋಡೆಯ ಮೇಲಿನ ಕಾಗದವನ್ನು ಮಾತ್ರ ಯಾರಿಗೂ ಹೇಳದೆ ತೆಗೆಯಿಸಿದೆವು. ಗುರುಸ್ಥಾನದಲ್ಲಿದ್ದವನು ಶಿಷ್ಯನ ಮುಂದೆ ತಪ್ಪೊಪ್ಪಿಕೊಂಡರೆ ಪೀಠದ ಗೌರವಕ್ಕೆ ಕುಂದೆಂಬ ಅಳುಕು ಒಳಗಿತ್ತು. ಕಳೆದ ವರ್ಷದ ಜಾತ್ರೆಯಲ್ಲಿ ಆ ಹುಡುಗ ಬಂದ. ಈಗ ಅವನು ಗೃಹಸ್ಥ. ಜೊತೆಗೆ ಮಡದಿ, ತೋಳಿನಲ್ಲಿ ಕೂಸು, ಹಿಂದೆ ವಯಸ್ಸಾದ ತಾಯಿ. ಎಲ್ಲರೂ ಪಾದಕ್ಕೆ ನಮಸ್ಕರಿಸಿದರು. ನಾವು ಕೂಸಿನ ಹಣೆಗೆ ವಿಭೂತಿ ಹಚ್ಚಿ ಆಶೀರ್ವದಿಸಿದೆವು. ಹೇಳಬೇಕಾದ ಮಾತು ಗಂಟಲಿಗೆ ಬಂದು ಅಲ್ಲಿಯೇ ನಿಂತಿತು. ಜನ ಬಹಳವಿತ್ತು, ಅವರು ಮುಂದೆ ಸರಿದರು.

ಗದ್ದುಗೆಯ ಹಾದಿಯಲ್ಲಿ ಆ ತಾಯಿ ಎರಡು ಗಿಡಗಳ ನಡುವೆ ಒಂದು ಕ್ಷಣ ನಿಂತರು. ಬಲಗಡೆಯದನ್ನು ನೋಡಿದರು, ಎಡಗಡೆಯದನ್ನು ನೋಡಿದರು. ಎಡಗಡೆಯ ಗಿಡದ ಬುಡಕ್ಕೆ ಬಾಗಿ, ನಮ್ಮ ಕಣ್ಣಿಗೆ ಬೀಳದಿದ್ದ ಒಂದು ಎಳೆಯ ಹಸಿರು ಕುಡಿಯನ್ನು ಉಗುರಿನಿಂದ ಚಿವುಟಿ ತೆಗೆದು, ಕೈಗೆ ಹತ್ತಿದ ಹಾಲನ್ನು ಸೆರಗಿಗೆ ಒರೆಸಿಕೊಂಡು, ಮಗನ ಹಿಂದೆ ಹೊರಟುಹೋದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ.

ಅಂದು ಆಡದೆ ಉಳಿದ ಮಾತನ್ನು ಇಂದು ಇಲ್ಲಿ ಆಡುತ್ತಿದ್ದೇವೆ. ತಮ್ಮಾ, ಈ ಪತ್ರಿಕೆ ನಿನ್ನ ಮನೆಗೂ ಬರುತ್ತದೆಂದು ಕಚೇರಿಯವರು ಹೇಳಿದರು. 2010ರ ಶ್ರಾವಣದಲ್ಲಿ ನೀನು ಮಾಡಿದುದು ಸರಿ, ನಾವು ಮಾಡಿದುದು ತಪ್ಪು. ನಾಲ್ಕು ಜನರ ಮುಂದೆ ನಿನ್ನನ್ನು ಗದರಿಸಿದೆವು; ಆದುದರಿಂದ ನಾಲ್ಕು ಜನರ ಮುಂದೆಯೇ ಇದನ್ನು ಹೇಳಬೇಕಾಗಿತ್ತು. ಎಡಗಡೆಯ ಗಿಡ ಇಂದಿಗೂ ಬಣ್ಣದಿಂದಿರುವುದು ನೀನು ಕತ್ತರಿ ಹಚ್ಚಿದುದರಿಂದ. ನಿನ್ನ ತಾಯಿಯವರಿಗೂ ಇದನ್ನು ಓದಿಹೇಳು.

ಹಳೆಯ ವಿದ್ಯಾರ್ಥಿಗಳಲ್ಲಿ ಈ ಗಿಡವನ್ನು ಬೆಳೆಸಬಯಸುವವರಿಗೆ ಒಂದು ಸೂಚನೆ. ಮಳೆಗಾಲ ಹಿಡಿದೊಡನೆ ಎಡಗಡೆಯ ಗಿಡದಿಂದ ಗೇಣುದ್ದದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ, ಬಣ್ಣ ಚೆನ್ನಾಗಿರುವ ತುಂಡುಗಳನ್ನು ತೆಗೆದು, ಹಾಲನ್ನು ತೊಳೆದು, ತುಸು ಆರಿಸಿ, ಮರಳು ಬೆರೆಸಿದ ಮಣ್ಣಿನ ಚೀಲಗಳಲ್ಲಿ ನೆರಳಿನಲ್ಲಿ ಊರುವ ಕೆಲಸವನ್ನು ಪ್ರಸಾದನಿಲಯದ ಮಕ್ಕಳಿಗೆ ಒಪ್ಪಿಸಿದ್ದೇವೆ. ಬೇರು ಹಿಡಿದವುಗಳನ್ನು ಬಂದವರಿಗೆ ಕೊಡುತ್ತಾರೆ. ಒಯ್ದವರು ಹಸಿರು ಕುಡಿಯ ಮೇಲೆ ಕಣ್ಣಿಡಬೇಕು. ಕತ್ತರಿ ಈಗ ತೋಟದ ಕಾಯಕದ ಮಕ್ಕಳ ಕೈಯಲ್ಲಿದೆ. ಯಾವ ಟೊಂಗೆಯನ್ನು ತೆಗೆಯಬೇಕು, ಯಾವುದನ್ನು ಬಿಡಬೇಕೆಂದು ನಾವೇ ಅವರನ್ನು ಕೇಳುತ್ತೇವೆ. ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರುವುದನ್ನು ಕಲಿಯುತ್ತಿದ್ದೇವೆ.

ಸರ್ವರಿಗೂ ಶಿವನು ಸನ್ಮಂಗಲವನ್ನುಂಟುಮಾಡಲಿ.